ನಿಲ್ಲಿಸಿದವರ ಹೊಣೆ: ಮೂರು ಡ್ರೈವರ್‌ಗಳ ಕಥೆ



2017ರ ಡಿಸೆಂಬರ್ ಮೂರನೆಯ ವಾರ. ಕ್ರಿಸ್‌ಮಸ್ ರಜೆಗೆಂದು ಲಂಡನ್ನಿನ ಆಫೀಸುಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಹೊತ್ತು. ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ಮಿನ 17.10 ಆವೃತ್ತಿ ಬಿಡುಗಡೆಯಾಗಿ ಎರಡು ತಿಂಗಳಾಗಿತ್ತು. ಇದ್ದಕ್ಕಿದ್ದಂತೆ ಅದರ ಡೌನ್‌ಲೋಡ್ ನಿಂತಿತು. ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಕಂಡುಬಂದಿದೆ, ಸರಿಪಡಿಸುವ ತನಕ ಇಳಿಸಿಕೊಳ್ಳಬೇಡಿ ಎಂಬರ್ಥದ ಒಂದೆರಡು ಸಾಲಿನ ಸೂಚನೆ ಮಾತ್ರ ಉಳಿಯಿತು. ತಾನೇ ಊರೆಲ್ಲ ಹಂಚಿದ ಸಾಮಾನನ್ನು ಯಾರೂ ಮುಟ್ಟಬೇಡಿ ಎಂದು ತಯಾರಕರೇ ಹೇಳುವುದು ಈ ವೃತ್ತಿಯಲ್ಲಿ ದಿನವೂ ನಡೆಯುವ ಸಂಗತಿಯಲ್ಲ.

ಈ ಸಭೆಯಲ್ಲಿ ವೈದ್ಯರೇ ಹೆಚ್ಚು, ಕಂಪ್ಯೂಟರಿನವರು ಅವರ ನಂತರ. ಆದ್ದರಿಂದ ಕಂಪ್ಯೂಟರಿನ ಮಾತನ್ನು ಕಂಪ್ಯೂಟರಿನವರಲ್ಲದವರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ. ವಿಷಯ ಇಷ್ಟೆ: ಎಲ್ಲರೂ ಸೇರಿ ಬರೆದು ಎಲ್ಲರಿಗೂ ತೆರೆದಿಟ್ಟಿರುವ ತಂತ್ರಾಂಶದಲ್ಲಿ ಒಂದು ಡ್ರೈವರ್, ಎಂದರೆ ಯಂತ್ರದ ಒಂದು ಭಾಗವನ್ನು ನಡೆಸುವ ಕೋಡು, ಕೆಟ್ಟದ್ದೆಂದು ತಿಳಿದಾಗ ಅದನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದ್ದರಿಂದಲೂ ಕೆಲವರಿಗೆ ಏಟು ಬೀಳುತ್ತದೆ. ಆ ಏಟಿಗೆ ಹೊಣೆ ಯಾರು, ಅದನ್ನು ನಿಭಾಯಿಸುವುದು ಹೇಗೆ? ನಿನ್ನೆವರೆಗೆ ನೆಟ್ಟಗೆ ನಡೆಯುತ್ತಿದ್ದದ್ದು ಇವತ್ತಿನ ಅಪ್‌ಡೇಟ್ ಆದ ಮೇಲೆ ನಿಂತುಹೋದರೆ ನಮ್ಮ ವೃತ್ತಿಯಲ್ಲಿ ಅದನ್ನು ರಿಗ್ರೆಶನ್ ಎನ್ನುತ್ತೇವೆ. ಉಬುಂಟುವಿನಂಥ ಸಿಸ್ಟಮ್ಮುಗಳ ತಿರುಳಾದ ಲಿನಕ್ಸ್ ಕರ್ನಲ್ಲಿನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟಿನ ಮನುಷ್ಯ. ಕರ್ನಲ್ಲಿನ ಬದಲಾವಣೆಯಿಂದ ಬಳಕೆದಾರನ ಕೆಲಸ ಕೆಟ್ಟರೆ ತಪ್ಪು ಕರ್ನಲ್ಲಿನದೇ, ಬಳಕೆದಾರನದಲ್ಲ ಎಂಬುದು ಆತ ಬಹುಕಾಲದಿಂದ ಹಿಡಿದುಬಂದಿರುವ ನಿಯಮ. ಆದರೆ ಕೆಡಿಸುವುದೇ ರಕ್ಷಣೆಯಾದಾಗ? ಅಲ್ಲಿ ನಿಯಮ ತೊಡರುತ್ತದೆ. ನನ್ನ ಮಾತೆಲ್ಲ ಆ ತೊಡರಿನ ಬಗ್ಗೆ.

ಇದಕ್ಕೆ ಲಂಡನ್ನಿಗಿಂತ ಸರಿಯಾದ ಊರು ಸಿಗುವುದಿಲ್ಲ. ಉಬುಂಟುವನ್ನು ಹೊರತರುವ ಕೆನಾನಿಕಲ್ ಕಂಪನಿಯನ್ನು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಕಟ್ಟಿದ್ದು, ಮುಖ್ಯ ಕಚೇರಿ ಇಟ್ಟುಕೊಂಡದ್ದು ಇಲ್ಲಿ. ಬಹಳ ವರ್ಷ ಅದು ಮಿಲ್‌ಬ್ಯಾಂಕ್ ಟವರ್‌ನಲ್ಲಿತ್ತು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಅನಾವರಣವಾದ ಬಸವೇಶ್ವರರ ಪ್ರತಿಮೆ ನೋಡಲು ನಾವೆಲ್ಲ ಹೋಗುತ್ತೇವಲ್ಲ, ಅಲ್ಲಿ ನಿಂತರೆ ಥೇಮ್ಸ್ ನದಿಯಾಚೆ ಕಾಣುವ ಎತ್ತರದ ಗಾಜಿನ ಕಟ್ಟಡ. ಆಮೇಲೆ ಕಚೇರಿ ಸದರ್ಕ್ ಬೀದಿಯ ಬ್ಲೂ ಫಿನ್ ಕಟ್ಟಡಕ್ಕೆ ಹೋಯಿತು. ಟೇಟ್ ಬ್ರಿಟನ್ನಿನ ಮಗ್ಗುಲಿನಿಂದ ಟೇಟ್ ಮಾಡರ್ನ್ ಹಿತ್ತಲಿಗೆ. ಕಂಪನಿಯ ಎಂಜಿನಿಯರುಗಳಲ್ಲಿ ಬಹುಪಾಲು ಜನ ಬೇರೆ ಬೇರೆ ದೇಶಗಳ ತಮ್ಮ ಮನೆಗಳಿಂದಲೇ ಕೆಲಸ ಮಾಡುವವರು. ಆದರೂ ನಾನು ಹೇಳಲಿರುವ ಮೂರೂ ಪ್ರಸಂಗಗಳು ಆ ಕಂಪನಿಯ ಹೊಸ್ತಿಲನ್ನು ತುಳಿದೇ ಹೋದವು.

ಮೊದಲು 2017ರದ್ದು. ನಿಮ್ಮ ಲ್ಯಾಪ್‌ಟಾಪಿನ ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಕರಿಯ ಚಿಪ್ ಇರುತ್ತದೆ, ಕಿರುಬೆರಳ ಉಗುರಿನಷ್ಟೂ ಇಲ್ಲ. ಎಸ್‌ಪಿಐ ಫ್ಲ್ಯಾಶ್ ಎನ್ನುತ್ತಾರೆ. ಸ್ವಿಚ್ ಒತ್ತಿದೊಡನೆ ಯಂತ್ರ ಮೊದಲು ಓದುವುದು ಇದನ್ನೇ. ಯಂತ್ರವನ್ನು ಎಬ್ಬಿಸುವ ಬಯಾಸ್ ಇರುವುದು ಇದರಲ್ಲಿ. ಯಾವ ಡಿಸ್ಕಿನಿಂದ ಶುರುಮಾಡಬೇಕು, ಯುಎಸ್‌ಬಿಯಿಂದ ಏಳಬೇಕೇ ಬೇಡವೇ ಎಂಬ ಸೆಟ್ಟಿಂಗುಗಳೂ ಇದರಲ್ಲೇ. ಈ ಚಿಪ್ಪಿನೊಡನೆ ಲಿನಕ್ಸ್ ನೇರವಾಗಿ ಮಾತಾಡಲೆಂದು ಇಂಟೆಲ್‌ನವರು ಬರೆದುಕೊಟ್ಟ ಡ್ರೈವರಿನ ಹೆಸರು ಇಂಟೆಲ್-ಎಸ್‌ಪಿಐ. ಅದರ ದಸ್ತಾವೇಜಿನಲ್ಲಿ ಉದಾಹರಣೆಯಾಗಿ ಕೊಟ್ಟಿರುವುದು ಮಿನೋಬೋರ್ಡ್ ಮ್ಯಾಕ್ಸ್ ಎಂಬ ಪುಟ್ಟ ಬೋರ್ಡನ್ನು. ಪ್ರಯೋಗಶಾಲೆಯವರು, ಹವ್ಯಾಸಿಗಳು ಬಳಸುವಂಥದ್ದು. ಲಿನಕ್ಸ್‌ನೊಳಗಿಂದಲೇ ಅದರ ಬಯಾಸ್ ಬದಲಿಸಲು ಅನುಕೂಲವಾಗಲಿ ಎಂಬುದು ಉದ್ದೇಶ. ಮನೆಯ ಲ್ಯಾಪ್‌ಟಾಪಿಗೂ ಈ ಡ್ರೈವರಿಗೂ ಯಾವ ಕೊಡುಕೊಳ್ಳುವಿಕೆಯೂ ಇರಬೇಕಾಗಿರಲಿಲ್ಲ. ಉಬುಂಟು 17.10ರ ಕರ್ನಲ್ಲಿನಲ್ಲಿ ಅದನ್ನು ಸೇರಿಸಿದ್ದರು, ಯಂತ್ರದಲ್ಲಿ ಆ ಚಿಪ್ಪನ್ನು ನಡೆಸುವ ಇಂಟೆಲ್ ಕಂಟ್ರೋಲರ್ ಕಂಡರೆ ಸಾಕು, ತಾನಾಗಿಯೇ ಏಳುತ್ತಿತ್ತು.

ಡ್ರೈವರ್ ಬರೆದವರು ಎಚ್ಚರಿಕೆ ವಹಿಸಿರಲಿಲ್ಲವೆಂದಲ್ಲ. ಅದಕ್ಕೆ ಹುಟ್ಟಿನಿಂದಲೇ ಓದುವ ಅಧಿಕಾರ ಮಾತ್ರ ಇದ್ದದ್ದು. ಬರೆಯಬೇಕೆಂದರೆ ಬಳಕೆದಾರನೇ ಬೇರೆಯಾಗಿ ಅನುಮತಿಯ ಸೂಚನೆ ಕೊಡಬೇಕು. ಹಾಗಿದ್ದೂ ಕೆಟ್ಟಿತು. ಕೆಟ್ಟದ್ದು ಎಲ್ಲಿ ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಚಿಪ್ಪಿಗೆ ಆಜ್ಞೆ ಕಳಿಸುವಾಗ ಎಷ್ಟು ಬೈಟ್ ಬರುತ್ತಿದೆ ಎಂದು ಕಂಟ್ರೋಲರಿಗೆ ಮೊದಲು ಹೇಳಬೇಕು. ಇಂಟೆಲ್ಲಿನ ಕಂಟ್ರೋಲರಿನಲ್ಲಿ ಆ ಜಾಗದಲ್ಲಿ ತುಂಬಬೇಕಾದದ್ದು ಬೈಟ್‌ಗಳ ಸಂಖ್ಯೆಯಲ್ಲ, ಸಂಖ್ಯೆಗಿಂತ ಒಂದು ಕಡಿಮೆ. ಒಂದು ಬೈಟ್ ಕಳಿಸುವುದಿದ್ದರೆ ಸೊನ್ನೆ, ಎರಡು ಇದ್ದರೆ ಒಂದು. ಹತ್ತು ಕಂಬ ನೆಟ್ಟರೆ ನಡುವೆ ಒಂಬತ್ತೇ ಅಂಕಣ, ಬೇಲಿ ಹಾಕಿಸಿದ ರೈತರಿಗೆಲ್ಲ ಗೊತ್ತಿರುವ ಲೆಕ್ಕ. ಡ್ರೈವರ್ ಇಲ್ಲಿ ಕಂಬ ಎಣಿಸಿತು, ಕಂಟ್ರೋಲರ್ ಅಂಕಣ ಎಣಿಸಿತು. ಒಂದು ಬೈಟ್ ಕಳಿಸಬೇಕಾದಲ್ಲೆಲ್ಲ ಎರಡು ಹೋದವು.

ಓದುವಾಗ ಒಂದು ಬೈಟ್ ಹೆಚ್ಚು ಬಂದರೆ ಯಾರಿಗೂ ನಷ್ಟವಿಲ್ಲ. ಆದರೆ ಇಂಥ ಚಿಪ್‌ಗಳಲ್ಲಿ ಕೆಲವು, ವಿದ್ಯುತ್ ಬಂದೊಡನೆ ಬರಹಕ್ಕೆ ಬೀಗ ಹಾಕಿಕೊಂಡೇ ಏಳುತ್ತವೆ. ಹಾಗಾಗಿ ಕರ್ನಲ್ಲಿನ ಸಾಮಾನ್ಯ ಪದರ ಮೊದಲ ಪರಿಚಯದಲ್ಲೇ ಅವುಗಳ ಸ್ಥಿತಿ ರಿಜಿಸ್ಟರಿಗೆ ಸೊನ್ನೆ ಬರೆದು ಬೀಗ ತೆಗೆಯುತ್ತದೆ. ಅನುಮತಿಯಿಲ್ಲದೆ ಬರೆಯಬಾರದು ಎಂಬ ಎಚ್ಚರಿಕೆ ಚಿಪ್ಪಿನೊಳಗಿನ ಮಾಹಿತಿಗೆ ಮಾತ್ರ ಅನ್ವಯಿಸಿತ್ತು, ಈ ಸಣ್ಣ ಔಪಚಾರಿಕ ಬರಹಕ್ಕೆ ಅನ್ವಯಿಸಿರಲಿಲ್ಲ. ಆ ಒಂದು ಬೈಟಿನ ಬೆನ್ನಿಗೆ ಅರ್ಥವಿಲ್ಲದ ಇನ್ನೊಂದು ಬೈಟೂ ಹೋಯಿತು. ಬೀಗ ತೆಗೆಯಲು ಹೋದ ಕೈ ಬೀಗ ಜಡಿದು ಬಂತು. ಅಲ್ಲಿಂದಾಚೆ ಬಯಾಸ್ ಪರದೆಯಲ್ಲಿ ಏನೇ ಬದಲಿಸಿ ಉಳಿಸಿದರೂ ಉಳಿಯುತ್ತಿರಲಿಲ್ಲ. ಮತ್ತೆ ಹೋಗಿ ನೋಡಿದರೆ ಹಳೆಯದೇ. ಕೆಲವು ಯಂತ್ರಗಳು ಯುಎಸ್‌ಬಿಯಿಂದ ಏಳುವುದನ್ನೇ ಬಿಟ್ಟವು. ಲೆನೊವೊದ ಜಿ50, ಬಿ50, ವೈ50, ಝಡ್50 ಸಾಲಿನ ಮಾದರಿಗಳು, ಯೋಗ ಸಾಲಿನ ಕೆಲವು, ಏಸರ್ ಮತ್ತು ತೋಶಿಬಾದ ಕೆಲವು ಪಟ್ಟಿಗೆ ಸೇರಿದವು. ಇವುಗಳಲ್ಲಿ ಹಲವು ದುಬಾರಿ ಯಂತ್ರಗಳಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಮಂಚದ ಮೇಲೆ ಬಿದ್ದಿರುತ್ತಿದ್ದಂಥವು.

ಉಬುಂಟು ತಂಡ ಏನು ಮಾಡಿತು? ಡ್ರೈವರನ್ನು ಸರಿಪಡಿಸಲು ಹೋಗಲಿಲ್ಲ, ಅದನ್ನು ತೆಗೆದಿಟ್ಟ ಕರ್ನಲ್ಲನ್ನು ಅಪ್‌ಡೇಟ್ ಆಗಿ ಕಳಿಸಿತು. ನನ್ನ ಲೆಕ್ಕದಲ್ಲಿ ಅದು ಸರಿಯಾದ ನಿರ್ಧಾರವೇ. ಎಣಿಕೆಯ ಆ ತಪ್ಪನ್ನು ತಿದ್ದುವ ಪ್ಯಾಚ್ ಮುಖ್ಯ ಲಿನಕ್ಸ್ ಕಡೆಯಲ್ಲಿ ಆಗಲೇ ತಯಾರಿತ್ತು, ನಿಜ. ಆದರೆ ಒಂದು ತಪ್ಪು ಸಿಕ್ಕಿತೆಂದ ಮಾತ್ರಕ್ಕೆ ಅದೊಂದೇ ತಪ್ಪು ಎಂದು ಯಾರು ಬರೆದುಕೊಡುತ್ತಾರೆ? ಬೋರ್ಡನ್ನೇ ಕೆಡಿಸಬಲ್ಲ ಕೋಡಿನ ಎದುರು ಹಾಗೆಲ್ಲ ಧೈರ್ಯ ಮಾಡುವಂತಿಲ್ಲ.

ಅಪ್‌ಡೇಟ್ ಕಳಿಸಿದ ಮೇಲೂ ಡೌನ್‌ಲೋಡ್ ನಿಲ್ಲಿಸಿದ್ದು ಏಕೆ ಎಂದು ಆಗ ಹಲವರು ಕೇಳಿದರು. ಕಾರಣ ಸರಳ. ಉಬುಂಟುವನ್ನು ಇನ್‌ಸ್ಟಾಲ್ ಮಾಡದೆ ಬರೀ ಯುಎಸ್‌ಬಿ ಕಡ್ಡಿಯಿಂದ ಚಲಾಯಿಸಿ ನೋಡಬಹುದು. ಮಗನ ಲ್ಯಾಪ್‌ಟಾಪಿನಲ್ಲಿ ಹೇಗಿರುತ್ತದೋ ನೋಡೋಣ ಎಂದು ಕಡ್ಡಿ ಚುಚ್ಚಿದರೆ ಸಾಕು, ಕರ್ನಲ್ ಏಳುತ್ತದೆ, ಡ್ರೈವರ್ ಏಳುತ್ತದೆ, ಬೀಗ ಬೀಳುತ್ತದೆ. ಆ ಕಡ್ಡಿಗೆ ಅಪ್‌ಡೇಟ್ ತಲುಪುವ ದಾರಿಯೇ ಇಲ್ಲ. ಹಾಗಾಗಿ ಇಡೀ ಡಿಸ್ಕ್ ಇಮೇಜನ್ನೇ ಹೊಸದಾಗಿ ಕಟ್ಟಬೇಕಾಯಿತು. ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ ಮಾತ್ರ ಸಲ್ಲುತ್ತಿದ್ದ ಮರ್ಯಾದೆಯನ್ನು ಒಂಬತ್ತು ತಿಂಗಳ ಆಯುಸ್ಸಿನ ಈ ಆವೃತ್ತಿಗೂ ಕೊಟ್ಟು 2018ರ ಜನವರಿ 12ರಂದು 17.10.1 ಎಂಬ ಹೆಸರಿನಲ್ಲಿ ಹೊರತಂದರು. ನಡುವೆ ಜನವರಿ 3ರಂದು ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಯಲಾಗಿ ಇಡೀ ಜಗತ್ತಿನ ಕರ್ನಲ್ ತಂಡಗಳಿಗೆ ನಿದ್ದೆಯಿಲ್ಲದಂತಾಗಿತ್ತು ಎಂಬುದನ್ನೂ ನೆನಪಿಡಬೇಕು. ಆದರೆ ಅಷ್ಟರೊಳಗೆ ಯಾರ ಯಾರ ಮೇಜಿನ ಡ್ರಾಯರಿನಲ್ಲಿ ಹಳೆಯ ಕಡ್ಡಿಗಳು ಉಳಿದಿದ್ದವೋ, ಅವುಗಳನ್ನು ಹಿಂಪಡೆಯಲು ಯಾರಿಂದಲೂ ಆಗದು.

ಇನ್ನು ನನ್ನ ವಿಷಯದ ತಿರುಳು. ನಿಲ್ಲಿಸಿದ್ದರಿಂದ ಯಾರು ಕಳಕೊಂಡರು? ಮಿನೋಬೋರ್ಡ್‌ನಂಥ ಬೋರ್ಡಿನವರು ಕಳಕೊಂಡರು, ಅದು ಗೊತ್ತಿದ್ದದ್ದೇ. ಅವರು ಬೆರಳೆಣಿಕೆಯ ಜನ, ಸ್ವಂತ ಕರ್ನಲ್ ಕಟ್ಟಿಕೊಳ್ಳಬಲ್ಲವರು. ಆದರೆ ಇನ್ನೊಂದು ಗುಂಪಿತ್ತು. ಆಗಲೇ ಬೀಗ ಬಿದ್ದ ಲ್ಯಾಪ್‌ಟಾಪಿನವರು. ಡ್ರೈವರ್ ತೆಗೆದ ಕರ್ನಲ್ ಅವರಿಗೆ ಏನೂ ಮಾಡಲಿಲ್ಲ. ಹೊಸದಾಗಿ ಕೆಡುವುದನ್ನು ತಪ್ಪಿಸಿತೇ ಹೊರತು ಕೆಟ್ಟದ್ದನ್ನು ಸರಿಮಾಡಲಿಲ್ಲ. ಸರಿಮಾಡುವ ಮದ್ದು ಇತ್ತು. ಏನದು? ತಿದ್ದಿದ ಅದೇ ಡ್ರೈವರ್! ಎಣಿಕೆ ಸರಿಯಾದ ಮೇಲೆ ಅದೇ ಸೊನ್ನೆ ಬರಹ ಬೀಗವನ್ನು ನಿಜಕ್ಕೂ ತೆಗೆಯುತ್ತಿತ್ತು. ಅದಿರುವ 4.14.9 ಕರ್ನಲ್ಲನ್ನು ಬೇರೆಯಾಗಿ ಹಾಕಿ, ಒಮ್ಮೆ ಅದರಲ್ಲಿ ಏಳಿಸಿ, ಮರುಪ್ರಾರಂಭಿಸಿ, ಬಯಾಸ್‌ಗೆ ಹೋಗಿ ಸೆಟ್ಟಿಂಗ್ ಉಳಿಸಿದರೆ ಎಷ್ಟೋ ಯಂತ್ರಗಳು ಸರಿಹೋದವು. ಎಂದರೆ ಉಬುಂಟು ತನ್ನ ಮನೆಯಿಂದ ಹೊರಗೆ ಹಾಕಿದ್ದರಲ್ಲೇ ಔಷಧವೂ ಇತ್ತು. ಔಷಧವನ್ನು ಪಕ್ಕದ ಬಾಗಿಲಿನಿಂದ ಕೊಡಬೇಕಾಯಿತು. ಲಿನಕ್ಸ್ ಒಳಗೆ ಇನ್ನೂ ಏಳುತ್ತಿದ್ದವರಿಗೆ ಅದು ಸಿಕ್ಕಿತು. ಪ್ರಯತ್ನಿಸಿ ನೋಡಿ, ಅಳಿಸಿ, ಈಗ ಡಿಸ್ಕಿನಲ್ಲಿ ಲಿನಕ್ಸೂ ಇಲ್ಲ, ಯುಎಸ್‌ಬಿಯಿಂದಲೂ ಏಳುವುದಿಲ್ಲ ಎಂಬ ಸ್ಥಿತಿಯವರಿಗೆ ಸಿಗಲಿಲ್ಲ.

ಅಂಥವರಿಗೆ ಉಳಿದದ್ದು ರಿಪೇರಿ ಅಂಗಡಿ. ಲಂಡನ್ನಿನಲ್ಲಾದರೆ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಒಂದು ಕಾಲಕ್ಕೆ ಇಂಥವಕ್ಕೆ ಹೆಸರಾಗಿತ್ತು, ಈಗ ಸೋಫಾ ಅಂಗಡಿಗಳೇ ಕಣ್ಣಿಗೆ ಬೀಳುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮಾತ್ರ ಈ ವಿದ್ಯೆ ಇನ್ನೂ ಜೀವಂತವಾಗಿದೆ. ಕಿರಿದಾದ ಮೆಟ್ಟಿಲು ಹತ್ತಿ ಹೋಗುವ ಒಂದು ಅಂಗಡಿಯಲ್ಲಿ ಈ ಕೆಲಸ ನಡೆಯುವುದನ್ನು ನಿಂತು ನೋಡಿದ್ದೇನೆ. ಹುಡುಗ ಲ್ಯಾಪ್‌ಟಾಪಿನ ತಳ ಬಿಚ್ಚಿ, ಬ್ಯಾಟರಿ ತೆಗೆದಿಟ್ಟು, ಎಂಟು ಹಲ್ಲಿನ ಕ್ಲಿಪ್ಪೊಂದನ್ನು ಆ ಕರಿಯ ಚಿಪ್ಪಿನ ಬೆನ್ನಿಗೆ ಕಚ್ಚಿಸಿದ. ಕ್ಲಿಪ್ಪಿನ ವೈರು ಬೆಂಕಿಪೆಟ್ಟಿಗೆಯಷ್ಟಿದ್ದ ಪ್ರೋಗ್ರಾಮರಿಗೆ, ಪ್ರೋಗ್ರಾಮರ್ ಇನ್ನೊಂದು ಕಂಪ್ಯೂಟರಿಗೆ. ಒಮ್ಮೆ ಓದಿದ, ಫೈಲ್ ಉಳಿಸಿದ. ಮತ್ತೆ ಓದಿದ, ಎರಡೂ ಫೈಲುಗಳು ಒಂದೇ ಇವೆಯೇ ಎಂದು ಹೋಲಿಸಿದ. ಇನ್ನೂ ಒಂದಕ್ಷರ ಬರೆದಿರಲಿಲ್ಲ. ಯಾಕಪ್ಪಾ ಇಷ್ಟೊಂದು ಎಂದೆ. "ಸಾರ್, ಒಳಗಿರೋದನ್ನ ಮೊದ್ಲು ಕಾಪಿ ತಗೊಂಡಿಟ್ಕೊಳ್ಳೇಬೇಕು. ಬರೆದ್‌ಮೇಲೆ ನೆನಪಾದ್ರೆ ಏನ್ ಬಂತು? ಈ ಬೋರ್ಡಿನ ನಂಬರು ಇದರೊಳಗೇ ಇರತ್ತೆ, ಬೇರೆ ಕಡೆ ಸಿಗಲ್ಲ," ಎಂದ, ತಲೆಯೆತ್ತದೆ.

ಆ ಹುಡುಗನ ಮಾತು ನನ್ನನ್ನು ಎರಡನೆಯ ಪ್ರಸಂಗಕ್ಕೆ ಒಯ್ಯುತ್ತದೆ, 2008ಕ್ಕೆ. ಕೆನಾನಿಕಲ್ ಆಗ ಮಿಲ್‌ಬ್ಯಾಂಕ್ ಟವರಿನಲ್ಲಿ. ಉಬುಂಟು 8.10 ಬಿಡುಗಡೆಗೆ ಸಿದ್ಧವಾಗುತ್ತಿತ್ತು. ಅದರೊಳಗೆ ಬರಲಿದ್ದದ್ದು 2.6.27 ಕರ್ನಲ್, ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಸೆಪ್ಟೆಂಬರಿನಲ್ಲಿ ಬೇರೆ ಬೇರೆ ಲಿನಕ್ಸ್ ತಂಡಗಳ ಪರೀಕ್ಷಕರಿಂದ ಒಂದೇ ಬಗೆಯ ದೂರು ಬರತೊಡಗಿತು: ಇಂಟೆಲ್‌ನ ಗಿಗಾಬಿಟ್ ನೆಟ್‌ವರ್ಕ್ ಭಾಗ ಸತ್ತುಹೋಗಿದೆ. ಕರ್ನಲ್ ಲಾಗಿನಲ್ಲಿ ಎನ್‌ವಿಎಂ ಚೆಕ್‌ಸಮ್ ಸರಿಯಿಲ್ಲ ಎಂಬ ಸಾಲು. ಎನ್‌ವಿಎಂ ಎಂದರೆ ಆ ನೆಟ್‌ವರ್ಕ್ ಭಾಗದ ವಿಳಾಸ, ಸೆಟ್ಟಿಂಗುಗಳು ಕುಳಿತಿರುವ ನೆನಪು. ಈ ಯಂತ್ರಗಳಲ್ಲಿ ಅದು ಇದ್ದದ್ದೂ ಬಯಾಸ್ ಇರುವ ಅದೇ ಫ್ಲ್ಯಾಶ್ ಚಿಪ್ಪಿನ ಒಂದು ಮೂಲೆಯಲ್ಲಿ. ಅಲ್ಲಿ ಕಸ ತುಂಬಿತ್ತು. ಹಳೆಯ ಕರ್ನಲ್ಲಿಗೆ ಮರಳಿದರೂ, ವಿಂಡೋಸ್ ಹಾಕಿದರೂ ನೆಟ್‌ವರ್ಕ್ ಏಳುತ್ತಿರಲಿಲ್ಲ.

ಈ ಯಂತ್ರಭಾಗವನ್ನು ನಡೆಸುತ್ತಿದ್ದ ಡ್ರೈವರ್ ಇ1000ಇ. ಕೆಟ್ಟದ್ದು ಇದರ ಯಂತ್ರ, ಆದ್ದರಿಂದ ಕೆಡಿಸಿದ್ದೂ ಇದೇ. ಯಾರಿಗಾದರೂ ಹೊಳೆಯುವ ತರ್ಕ. ಉಬುಂಟು ತನ್ನ ಪರೀಕ್ಷಾ ಕರ್ನಲ್ಲಿನಲ್ಲಿ ಇ1000ಇಯನ್ನು ನಿಲ್ಲಿಸಿತು. ಪರಿಣಾಮವೇನೆಂದರೆ, ಆ ಯಂತ್ರಭಾಗ ಇದ್ದವರಿಗೆಲ್ಲ ಕೇಬಲ್ ಚುಚ್ಚಿದರೂ ನೆಟ್ ಇಲ್ಲ. ಸರಿಪಡಿಸಿದ ಕರ್ನಲ್ ಬಂದರೂ ಅದು ಬರಬೇಕಾದದ್ದು ಯಾವ ದಾರಿಯಿಂದ? ನೆಟ್‌ನಿಂದ! ನಿಲ್ಲಿಸಿದ್ದು ನೆಟ್ಟನ್ನೇ. ವೈಫೈ ಇದ್ದವರು ಬದುಕಿಕೊಂಡರು, ಕಚೇರಿಯ ಡೆಸ್ಕ್‌ಟಾಪ್‌ಗಳಿಗೆ ಆಗ ವೈಫೈ ಎಲ್ಲಿಯದು. ಪರೀಕ್ಷೆಯ ಆವೃತ್ತಿ ಹಾಕಿಕೊಂಡವರು ಇಂಥದ್ದಕ್ಕೆ ತಯಾರಿರಬೇಕು ಎಂದು ಹೇಳಿ ಮುಗಿಸಬಹುದು. ಆದರೆ ಪರೀಕ್ಷಕರು ಪುಕ್ಕಟೆ ದುಡಿಯುವವರು. ಅವರ ತಾಳ್ಮೆಯ ಮೇಲೆಯೇ ಈ ವ್ಯವಸ್ಥೆಯೆಲ್ಲ ನಿಂತಿದೆ.

ನಿಜವಾದ ಅಪರಾಧಿ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಅದು ಇ1000ಇ ಅಲ್ಲವೇ ಅಲ್ಲ. ಕರ್ನಲ್ಲಿನೊಳಗಿನ ಚಟುವಟಿಕೆಯನ್ನು ಗಮನಿಸಲೆಂದು ಹೊಸದಾಗಿ ಬಂದಿದ್ದ ಎಫ್‌ಟ್ರೇಸ್ ಎಂಬ ಸಾಧನ. ಅದನ್ನು ಬರೆದವರು ರೆಡ್ ಹ್ಯಾಟ್‌ನ ಸ್ಟೀವನ್ ರೋಸ್ಟೆಟ್. ತಪ್ಪನ್ನು ಬಿಡಿಸಿ ಜನರ ಮುಂದಿಟ್ಟವರಲ್ಲೂ ಅವರೇ ಮುಂದೆ. ಎಫ್‌ಟ್ರೇಸ್ ಓಡುತ್ತಿರುವ ಕರ್ನಲ್ಲಿನ ಕೋಡನ್ನೇ ಅಲ್ಲಲ್ಲಿ ತಿದ್ದುತ್ತದೆ. ತಿದ್ದಬೇಕಾದ ಜಾಗಗಳ ವಿಳಾಸವನ್ನು ಮೊದಲೇ ಪಟ್ಟಿಮಾಡಿಕೊಳ್ಳುತ್ತದೆ. ಮಾಡ್ಯೂಲುಗಳ ಪ್ರಾರಂಭದ ಕೋಡು ಒಮ್ಮೆ ಓಡಿದ ಮೇಲೆ ಆ ನೆನಪನ್ನು ಕರ್ನಲ್ ಬಿಟ್ಟುಕೊಡುತ್ತದೆ, ಪಟ್ಟಿಯಲ್ಲಿ ಮಾತ್ರ ಹಳೆಯ ವಿಳಾಸ ಉಳಿದಿರುತ್ತದೆ. ಖಾಲಿಯಾದ ವಿಳಾಸಕ್ಕೆ ಬಂದು ಕುಳಿತದ್ದು ಇ1000ಇಯ ಎನ್‌ವಿಎಂ. ಎಫ್‌ಟ್ರೇಸ್ ಬಂದು, ಇಲ್ಲಿ ನಾನು ಹುಡುಕುತ್ತಿರುವ ಬೈಟ್‌ಗಳಿದ್ದರೆ ಮಾತ್ರ ಬದಲಿಸು ಎಂದು ಪ್ರೊಸೆಸರಿಗೆ ಹೇಳಿತು. ಎಚ್ಚರಿಕೆಯ ಆಜ್ಞೆಯೇ. ಆದರೆ ಪ್ರೊಸೆಸರಿನ ಆ ಆಜ್ಞೆ, ಹೋಲಿಕೆ ತಾಳೆಯಾಗದಿದ್ದರೂ ಇದ್ದದ್ದನ್ನೇ ಮತ್ತೆ ಬರೆಯುತ್ತದೆ. ಸಾಮಾನ್ಯ ನೆನಪಿನಲ್ಲಿ ಅದರಿಂದ ಏನೂ ಆಗದು. ಫ್ಲ್ಯಾಶ್‌ನಲ್ಲಿ ಬರಹವೆಂದರೆ ಬರಹವೇ. 2.6.27 ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಬಂದ 2.6.27.1ರಲ್ಲಿ ಎಫ್‌ಟ್ರೇಸಿನ ಆ ಭಾಗವನ್ನು ನಿಲ್ಲಿಸಲಾಯಿತು. ಇಂಟೆಲ್‌ನವರು ಎನ್‌ವಿಎಂಗೆ ಹೊರಗಿನಿಂದ ಯಾರೂ ಬರೆಯದಂತೆ ಕಾವಲನ್ನೂ ಹಾಕಿಕೊಟ್ಟರು. ಅಕ್ಟೋಬರ್ 30ರಂದು 8.10 ಹೊರಬರುವ ಹೊತ್ತಿಗೆ ಇ1000ಇ ತನ್ನ ಜಾಗದಲ್ಲಿತ್ತು.

ಹಾಗಾದರೆ ನಿರಪರಾಧಿಯನ್ನು ನಿಲ್ಲಿಸಿದ್ದು ತಪ್ಪೇ? ನಾನು ತಪ್ಪೆನ್ನುವುದಿಲ್ಲ. ನಿಲ್ಲಿಸುವಾಗ ತಪ್ಪು ಯಾರದೆಂದು ತೀರ್ಮಾನವಾಗಿರಬೇಕಿಲ್ಲ, ಆಗುವ ಹಾನಿ ಮತ್ತೆ ಸರಿಹೋಗುವಂಥದ್ದೇ ಅಲ್ಲವೇ ಎಂಬುದು ತೀರ್ಮಾನವಾಗಿದ್ದರೆ ಸಾಕು. ನೆಟ್ ಒಂದು ವಾರ ಇಲ್ಲದಿದ್ದರೆ ಕಷ್ಟ, ಆದರೆ ವಾರ ಕಳೆದ ಮೇಲೆ ಬರುತ್ತದೆ. ಅಳಿಸಿಹೋದ ಎನ್‌ವಿಎಂ ತಾನಾಗಿ ಬರುವುದಿಲ್ಲ. ಈ ತಕ್ಕಡಿಯಲ್ಲಿ ಮಿಲ್‌ಬ್ಯಾಂಕಿನವರ ತೂಕ ಸರಿಯಿತ್ತು. ನನಗೆ ಅಸಮಾಧಾನವಿರುವುದು ಬೇರೆ ಕಡೆ. ನಿಲ್ಲಿಸಿದ ಮೇಲೆ ತನಿಖೆಯ ಕಣ್ಣು ನಿಲ್ಲಿಸಿದ್ದರ ಮೇಲೇ ನೆಡುತ್ತದೆ. ಹೆಸರು ಅಂಟಿದರೆ ಅಂಟಿತು. ಇವತ್ತಿಗೂ ಈ ಪ್ರಸಂಗವನ್ನು ಜನ ಇ1000ಇ ದೋಷ ಎಂದೇ ಕರೆಯುತ್ತಾರೆ, ಎಫ್‌ಟ್ರೇಸ್ ದೋಷ ಎಂದು ಕರೆದದ್ದನ್ನು ನಾನು ಕೇಳಿದ್ದು ಕಡಿಮೆ. ಆ ಹೊತ್ತಿನಲ್ಲಿ ಕೊಟ್ಟ ಸಲಹೆಗಳಲ್ಲಿ ನನಗೆ ಮೆಚ್ಚುಗೆಯಾದದ್ದು, ಕಾರಣ ಗೊತ್ತಾಗುವ ಮೊದಲೇ ಕೊಟ್ಟದ್ದು: ನಿಮ್ಮ ಎನ್‌ವಿಎಂ ಇನ್ನೂ ಚೆನ್ನಾಗಿದ್ದರೆ ಎತ್‌ಟೂಲ್ ಎಂಬ ಆಜ್ಞೆಯಿಂದ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಎಸ್‌ಪಿ ರೋಡಿನ ಹುಡುಗ ಹೇಳಿದ್ದೂ ಅದನ್ನೇ.

ಮೂರನೆಯದು 2013ರ ಆರಂಭದ್ದು. ಇದನ್ನು ಬೇಗ ಹೇಳುತ್ತೇನೆ, ಆದರೆ ಇದರ ಬಾಲ ಉದ್ದ. ಉಬುಂಟುವನ್ನು, ಹಳೆಯ ಬಯಾಸಿನ ಬದಲಿಗೆ ಬಂದ ಯುಇಎಫ್‌ಐ ವಿಧಾನದಲ್ಲಿ ಏಳಿಸಿದ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪ್‌ಗಳು ಮತ್ತೆ ಏಳಲೇ ಇಲ್ಲ. ಅನುಮಾನ ಹೋದದ್ದು ಸ್ಯಾಮ್‌ಸಂಗ್-ಲ್ಯಾಪ್‌ಟಾಪ್ ಎಂಬ ಡ್ರೈವರಿನ ಮೇಲೆ. ಕೀಲಿಮಣೆಯ ಬೆಳಕು, ವೈರ್‌ಲೆಸ್ ಸ್ವಿಚ್ಚಿನಂಥ ಚಿಲ್ಲರೆ ಅನುಕೂಲಗಳನ್ನು ನೋಡಿಕೊಳ್ಳುವ ಡ್ರೈವರ್. ಯುಇಎಫ್‌ಐನಲ್ಲಿ ಎದ್ದ ಯಂತ್ರಗಳಲ್ಲಿ ಅದು ಕೆಲಸ ಮಾಡದಂತೆ ಕರ್ನಲ್ಲಿನಲ್ಲೇ ತಡೆದರು. ಆ ಮಾಲೀಕರ ಕೀಲಿಮಣೆಯ ಬೆಳಕು ಹೋಯಿತು. ಸಣ್ಣ ನಷ್ಟ, ಸರಿ. ಫೆಬ್ರವರಿಯಲ್ಲಿ ಕರ್ನಲ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ಇನ್ನಷ್ಟು ಆಳಕ್ಕೆ ಹೋಗಿ ತೋರಿಸಿದ್ದೇನೆಂದರೆ, ಡ್ರೈವರ್ ಯಂತ್ರಕ್ಕೊಂದು ಪೆಟ್ಟು ಕೊಡುತ್ತಿತ್ತು, ನಿಜ. ಆದರೆ ಕೊಂದದ್ದು ಆ ಪೆಟ್ಟಲ್ಲ. ಪೆಟ್ಟಿನ ವರದಿಯನ್ನು ಕರ್ನಲ್ ಫರ್ಮ್‌ವೇರಿನ, ಎಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದ, ನೆನಪಿನಲ್ಲಿ ಬರೆದಿಡುತ್ತಿತ್ತು. ಆ ನೆನಪು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಸ್ಯಾಮ್‌ಸಂಗ್ ಫರ್ಮ್‌ವೇರ್ ಏಳುತ್ತಿರಲಿಲ್ಲ. ವಿಂಡೋಸಿನಿಂದಲೂ ಇದನ್ನೇ ಮಾಡಿ ಯಂತ್ರ ಕೊಲ್ಲಬಹುದಿತ್ತು.

ಆಗ ಕರ್ನಲ್ಲಿನವರು ಇನ್ನೊಂದು ತಡೆ ಹಾಕಿದರು: ಫರ್ಮ್‌ವೇರ್ ನೆನಪು ಅರ್ಧ ತುಂಬಿದ್ದರೆ ಯಾರ ಯಂತ್ರದಲ್ಲೂ ಹೊಸದೇನನ್ನೂ ಬರೆಯಬೇಡ. ಈ ತಡೆಯಿಂದ ಸ್ಯಾಮ್‌ಸಂಗ್ ಉಳಿಯಿತು. ಆದರೆ ಜಗತ್ತಿನಲ್ಲಿ ಇರುವುದು ಸ್ಯಾಮ್‌ಸಂಗ್ ಒಂದೇ ಅಲ್ಲವಲ್ಲ. ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡೇ ಸುಖವಾಗಿದ್ದ ಬೇರೆ ಕಂಪನಿಗಳ ಯಂತ್ರಗಳು ಎಷ್ಟೋ ಇದ್ದವು. ಅಳಿಸಿದ ಜಾಗವನ್ನು ಖಾಲಿ ಎಂದು ಲೆಕ್ಕಕ್ಕೆ ತೋರಿಸದ ಫರ್ಮ್‌ವೇರುಗಳೂ ಇದ್ದವು. ಅವುಗಳಲ್ಲಿ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಹೋದರೆ ಸಿಸ್ಟಮ್ಮನ್ನು ಎಬ್ಬಿಸುವ ಬೂಟ್‌ಲೋಡರಿನ ಹೆಸರು ಬರೆಯುವ ಕೊನೆಯ ಹೆಜ್ಜೆಯಲ್ಲಿ ಜಾಗವಿಲ್ಲ ಎಂಬ ಉತ್ತರ. ಇಡೀ ಇನ್‌ಸ್ಟಾಲ್ ವ್ಯರ್ಥ. ಅದೇ ವರ್ಷದ ಮಧ್ಯಭಾಗದಲ್ಲಿ, 3.10 ಕರ್ನಲ್ಲಿನ ಹೊತ್ತಿಗೆ, ಅರ್ಧ ಎಂಬ ಅಳತೆಯನ್ನು ಬಿಟ್ಟು ಸುಮಾರು 5 ಕಿಲೋಬೈಟ್ ಖಾಲಿ ಉಳಿದರೆ ಸಾಕು ಎಂಬ ಅಳತೆಗೆ ಬಂದರು. ಡ್ರೈವರ್ ನಿಲ್ಲಿಸಿದ ಮೇಲೆ ತಡೆ, ತಡೆಗೆ ತಿದ್ದುಪಡಿ. ಒಂದೇ ಕಂಪನಿಯ ಕೆಲವೇ ಮಾದರಿಗಳ ಜ್ವರಕ್ಕೆ ಊರಿಗೆಲ್ಲ ಪಥ್ಯ ಹೇಳಿದ ಫಲ ಅದು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಹೇಳಬೇಕೆನಿಸುವುದು ಒಂದೇ. ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ನಿಲ್ಲಿಸಿದ ಮರುಕ್ಷಣದಿಂದ ಆ ಡ್ರೈವರಿನ ಮಾಲೀಕರಾಗುತ್ತಾರೆ. ಅಲ್ಲಿಯವರೆಗೆ ಬೇರೆ ಯಾರದೋ ತಪ್ಪು, ಇನ್ನು ಮುಂದೆ ತಮ್ಮ ನಿರ್ಧಾರ. ವಾಡಿಕೆಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ನಿಲ್ಲಿಸಿದೊಡನೆ ದೋಷದ ದಾಖಲೆಗೆ 'ಪರಿಹಾರವಾಗಿದೆ' ಎಂಬ ಮೊಹರು ಬೀಳುತ್ತದೆ. ಯಂತ್ರ ಕೆಟ್ಟವರ ದೃಷ್ಟಿಯಲ್ಲಿ ಏನು ಪರಿಹಾರವಾಯಿತು? ಮುಂದೆ ಕೆಡಲಿದ್ದವರ ಸಮಸ್ಯೆ. ಆಗಲೇ ಕೆಟ್ಟವರದ್ದೂ, ಡ್ರೈವರ್ ನಿಜಕ್ಕೂ ಬೇಕಾಗಿದ್ದವರದ್ದೂ ಆ ಮೊಹರಿನ ಕೆಳಗೆ ಮುಚ್ಚಿಹೋಗುತ್ತದೆ. ನನ್ನ ಕೈಯಲ್ಲಿದ್ದರೆ ಒಂದು ದಾಖಲೆ ಮುಚ್ಚುವ ಮುಂಚೆ ಇನ್ನೆರಡನ್ನು ತೆರೆಯುವ ನಿಯಮ ಮಾಡುತ್ತಿದ್ದೆ, ಕೆಟ್ಟವರಿಗೊಂದು, ಕಳಕೊಂಡವರಿಗೊಂದು. ಮೂರನೆಯದಾಗಿ, ಯಾವ ಷರತ್ತು ಪೂರೈಸಿದರೆ ಮತ್ತೆ ಶುರುಮಾಡುತ್ತೇವೆ ಎಂದು ನಿಲ್ಲಿಸುವ ಪ್ಯಾಚಿನಲ್ಲೇ ಬರೆಯಬೇಕು. ಷರತ್ತಿಲ್ಲದೆ ನಿಲ್ಲಿಸಿದ್ದನ್ನು ಹತ್ತು ವರ್ಷವಾದರೂ ಯಾರೂ ಮುಟ್ಟುವುದಿಲ್ಲ. ಏಕೆ ನಿಲ್ಲಿಸಿದರೆಂದು ಗೊತ್ತಿದ್ದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ಇದೆಲ್ಲ ಪುಕ್ಕಟೆ ಸಾಮಾನು, ಯಾವ ಗ್ಯಾರಂಟಿಯೂ ಇಲ್ಲ ಎಂದು ಲೈಸೆನ್ಸಿನಲ್ಲೇ ಬರೆದಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಕರ್ನಲ್ಲಿನ ಲೈಸೆನ್ಸಾದ ಜಿಪಿಎಲ್‌ನಲ್ಲಿ ಹಾಗೆ ಬರೆದಿರುವುದು ನಿಜ. ಕೋರ್ಟಿನಲ್ಲಿ ಅದು ಸಾಕು. ಆದರೆ ಹೊಣೆ ಎಂಬುದು ಕೋರ್ಟಿಗೆ ಮುಂಚೆಯೇ ಶುರುವಾಗುವ ವಸ್ತು. ಇದನ್ನು ಕರ್ನಲ್ ಲೋಕ ತಡವಾಗಿಯಾದರೂ ಒಪ್ಪಿಕೊಂಡ ಗುರುತುಗಳಿವೆ. ರಿಗ್ರೆಶನ್‌ಗಳನ್ನು ಹಿಂಬಾಲಿಸಿ ಲೆಕ್ಕ ಇಡುವ ಕೆಲಸವನ್ನು ಜರ್ಮನಿಯ ಥಾರ್ಸ್ಟನ್ ಲೀಮ್‌ಹ್ಯೂಸ್ ವಹಿಸಿಕೊಂಡಿದ್ದಾರೆ, ಅದಕ್ಕೆಂದೇ ರೆಗ್ಝ್‌ಬಾಟ್ ಎಂಬ ಸಾಧನವನ್ನೂ ಬರೆದಿದ್ದಾರೆ. ರಿಗ್ರೆಶನ್ ವರದಿಯನ್ನು ಹೇಗೆ ನಿಭಾಯಿಸಬೇಕು, ಬೇಗ ಸರಿಮಾಡಲಾಗದಿದ್ದರೆ ಬದಲಾವಣೆಯನ್ನು ಯಾವಾಗ ಹಿಂತೆಗೆಯಬೇಕು ಎಂಬುದೆಲ್ಲ ಈಗ ಕರ್ನಲ್ಲಿನ ದಸ್ತಾವೇಜಿನಲ್ಲೇ ಇದೆ. ಮುಂಚೆ ಅದು ಲಿನಸ್ ಅವರ ಸಿಟ್ಟಿನ ಪತ್ರಗಳಲ್ಲಿ ಮಾತ್ರ ಇತ್ತು.

ಇಂಟೆಲ್-ಎಸ್‌ಪಿಐಗೂ ಮರಳುವ ದಾರಿ ಸಿಕ್ಕಿತು. 2022ರಲ್ಲಿ, 5.18 ಕರ್ನಲ್ಲಿನ ಹೊತ್ತಿಗೆ, ಅದನ್ನು ಬಿಚ್ಚಿ ಹೊಸದಾಗಿ ಜೋಡಿಸಿದರು. ಹೊಸ ಯಂತ್ರಗಳ ಕಂಟ್ರೋಲರುಗಳಲ್ಲಿ ಯಾವ ಆಜ್ಞೆ ಕಳಿಸಬೇಕೆಂಬ ವಿವರವನ್ನು ಡ್ರೈವರ್ ಬರೆಯಬೇಕಿಲ್ಲ, ಓದು, ಬರೆ, ಅಳಿಸು ಎಂದರೆ ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಬೈಟ್ ಎಣಿಸುವಲ್ಲಿ ಎಡವಿದ ಹಳೆಯ ದಾರಿಗೂ ಅವಕ್ಕೂ ಸಂಬಂಧವಿಲ್ಲ. ಡ್ರೈವರಿನಲ್ಲಿ ಈ ಬಗೆಯ ಯಂತ್ರಗಳಿಗೆ ಒಂದು ಭಾಗ, ಹಳೆಯ ಬಗೆಯವಕ್ಕೆ ಇನ್ನೊಂದು ಭಾಗ ಇದೆ. ಕರ್ನಲ್ ಕಟ್ಟುವವರು ಆರಿಸಿಕೊಳ್ಳುವ ಪಟ್ಟಿಯಲ್ಲಿ ಹಳೆಯದರ ಹೆಸರಿನ ಮುಂದೆ ಅಪಾಯಕಾರಿ ಎಂಬ ಆವರಣದ ಪದವನ್ನು ಹಾಗೇ ಇಟ್ಟಿದ್ದಾರೆ, ಹೊಸದರ ಮುಂದೆ ಅದಿಲ್ಲ. ಬರೆಯುವ ಅಧಿಕಾರಕ್ಕೆ ಎರಡರಲ್ಲೂ ಈಗಲೂ ಬಳಕೆದಾರನೇ ಬೇರೆಯಾಗಿ ಅನುಮತಿ ಕೊಡಬೇಕು.